ಕಾರ್ಡಿನ ಹಿಂಬದಿ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ. ಮಾತಾಡುತ್ತಿರುವವರು ಇಬ್ಬರು: ಪಂಚಾಯ್ತಿಯ ಗ್ರಂಥಾಲಯ ನೋಡಿಕೊಳ್ಳುವ ಯುವತಿ, ನಿವೃತ್ತರಾದ ಒಬ್ಬ ಮೇಷ್ಟ್ರು. ಊರವರಿಗೆ ಹೊರಗಿನ ಸ್ನೇಹಿತರು ಕಳಿಸುವ ಚಿತ್ರದ ಕಾರ್ಡುಗಳು ಮಕ್ಕಳ ಕೈಗೂ ಸಿಗುವಂತೆ ಗ್ರಂಥಾಲಯದಲ್ಲಿ ಇಡಬೇಕು ಎಂಬುದು ಮೇಷ್ಟ್ರ ಪ್ರಸ್ತಾಪ.

ಗ್ರಂಥಪಾಲಕಿ: ಜಾಗ ಕೊಡುವುದಕ್ಕೆ ನನ್ನದೇನೂ ತಕರಾರಿಲ್ಲ ಮೇಷ್ಟ್ರೇ. ಅದನ್ನು ಪ್ರವಾಸ ಅಂತ ಮಾತ್ರ ಕರೆಯಬೇಡಿ. ಯಾರೋ ಸ್ನೇಹಿತರು ಹಂಪಿಗೋ ಜೋಗಕ್ಕೋ ಹೋದರು, ಒಂದು ಕಾರ್ಡು ಕೊಂಡು ನಾಲ್ಕು ಸಾಲು ಬರೆದು ಡಬ್ಬಿಗೆ ಹಾಕಿದರು. ಇಲ್ಲಿ ಕೂತು ಅದನ್ನು ಓದಿದವರು ಹಂಪಿ ನೋಡಿದ ಹಾಗಾಯಿತೇ? ದೂರದ ಬೆಟ್ಟ ನುಣ್ಣಗೆ ಅನ್ನುವ ಗಾದೆ ನಮಗೆ ಪುಸ್ತಕದಿಂದ ಬರಬೇಕಾಗಿಲ್ಲ. ಇಲ್ಲಿಂದ ನೋಡಿದರೆ ನಂದಿಬೆಟ್ಟ ನೀಲಿ ಬಣ್ಣದ ಒಂದು ಗುಡ್ಡ, ಅಷ್ಟೇ. ಹತ್ತಿದವರಿಗೆ ಗೊತ್ತು ಅದರ ಕಡಿದಾದ ಬಂಡೆ, ರಜೆಯ ದಿನ ಬುಡದಿಂದ ನೆತ್ತಿಯವರೆಗೆ ನಿಲ್ಲುವ ವಾಹನಗಳ ಸಾಲು. ಬೆಟ್ಟವನ್ನು ನುಣ್ಣಗೆ ಕಾಣಿಸುವುದೇ ಚಿತ್ರದ ಕಾರ್ಡು ಮಾಡುವವರ ಕಸುಬು. ಅದನ್ನು ನಂಬಿಕೊಂಡು ಮಕ್ಕಳು ಲೋಕ ತಿಳಿಯಿತು ಅಂದುಕೊಂಡರೆ, ಏನೂ ತಿಳಿಯದಿರುವುದಕ್ಕಿಂತ ಅದು ಕೆಟ್ಟದ್ದು.

ಮೇಷ್ಟ್ರು: ನೀನು ಹೇಳಿದ್ದರಲ್ಲಿ ಅರ್ಧವನ್ನು ಈಗಲೇ ಒಪ್ಪಿಬಿಡುತ್ತೇನೆ ಕಣಮ್ಮ. ಬರೀ ಚಿತ್ರದಿಂದ ಪ್ರವಾಸವಾಗುವುದಿಲ್ಲ. ಅದಕ್ಕೆ ಐವತ್ತು ರೂಪಾಯಿ ನೋಟಿಗಿಂತ ದೊಡ್ಡ ಸಾಕ್ಷಿ ಬೇಡ. 2017ರಲ್ಲಿ ಬಂದ ಆ ನೀಲಿ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥವಿದೆ. ಹತ್ತರ ನೋಟಿನಲ್ಲಿ ಕೊನಾರ್ಕ, ಇಪ್ಪತ್ತರದರಲ್ಲಿ ಎಲ್ಲೋರ, ನೂರರದರಲ್ಲಿ ಗುಜರಾತಿನ ಪಾಟಣದ ರಾಣಿ ಕಿ ವಾವ್, ಇನ್ನೂರರದರಲ್ಲಿ ಸಾಂಚಿ, ಐನೂರರದರಲ್ಲಿ ಕೆಂಪುಕೋಟೆ. ಅಂಗಡಿಗೆ ಹೋಗಿ ಬರುವ ಎಲ್ಲರ ಕೈಯಲ್ಲೂ ಇಷ್ಟು ಜಾಗಗಳು ಓಡಾಡುತ್ತಿವೆ. ಹಾಗಂತ ಯಾರೂ ಎಲ್ಲೋರಕ್ಕೆ ಹೋಗಿ ಬಂದವರಾಗಲಿಲ್ಲ. ಚಿತ್ರ ಇದೆ ಅನ್ನುವುದೇ ಬಹಳ ಜನರ ಗಮನಕ್ಕೆ ಬಂದಿಲ್ಲ. ಈಗ ಅದೇ ರಥ ಒಂದು ಕಾರ್ಡಿನ ಮೇಲೆ ಬಂತು ಅನ್ನು. ಹಿಂದುಗಡೆ ಸ್ನೇಹಿತ ಬರೆದಿದ್ದಾನೆ: ರಥದ ಮುಂದೆ ಎರಡು ಆನೆ ನಿಂತಿವೆಯಲ್ಲ, ಅವುಗಳ ಹಿಂದೆ ಸರಿಯಾಗಿ ನೋಡು, ಕುದುರೆಯ ಹಿಂಗಾಲು, ಬಾಲ ಉಳಿದಿವೆ. ಇದನ್ನು ಓದಿದ ಹುಡುಗಿ ಏನು ಮಾಡುತ್ತಾಳೆ? ಕಾರ್ಡು ತಿರುಗಿಸುತ್ತಾಳೆ, ಕಣ್ಣಿಗೆ ಹತ್ತಿರ ಹಿಡಿಯುತ್ತಾಳೆ, ಆನೆಯ ಹಿಂದೆ ಹುಡುಕುತ್ತಾಳೆ. ಮೊದಲು ಇಲ್ಲಿ ಕುದುರೆಗಳಿದ್ದವು, ಆನೆಗಳನ್ನು ಆಮೇಲೆ ಯಾರೋ ತಂದು ನಿಲ್ಲಿಸಿದ್ದಾರೆ ಅನ್ನುವುದು ಹೊಳೆಯುತ್ತದೆ. ಹಾಗಾದರೆ ಈ ರಥದಲ್ಲಿ ಇನ್ನೇನೇನು ಬದಲಾಗಿದೆ ಅಂತ ಕೇಳುತ್ತಾಳೆ. ಅದಕ್ಕೂ ಉತ್ತರವಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಈ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ಈಗಿನ ಯಾವ ಕಾರ್ಡಿನಲ್ಲೂ, ಯಾವ ನೋಟಿನಲ್ಲೂ ಅದಿಲ್ಲ, ಏಕೆಂದರೆ ಗೋಪುರವೇ ಉಳಿದಿಲ್ಲ. ನಾನು ಪ್ರವಾಸ ಅನ್ನುವುದು ಈ ಹುಡುಕಾಟಕ್ಕೆ. ಅದು ಶುರುವಾಗುವುದು ಕಾರ್ಡಿನ ಹಿಂಬದಿಯಿಂದ.

ಗ್ರಂಥಪಾಲಕಿ: ಕುದುರೆಯ ಕಾಲನ್ನು ತೋರಿಸಿದ್ದು ಸ್ನೇಹಿತನ ಮಾತು, ಕಾರ್ಡು ಅಲ್ಲ. ಆ ಮಾತನ್ನು ಇನ್ನೂ ವಿವರವಾಗಿ ಹೇಳುವ ಪುಸ್ತಕಗಳು ಈ ಕಪಾಟಿನಲ್ಲೇ ಇವೆ. ಕಾರಂತರ ‘ಅಪೂರ್ವ ಪಶ್ಚಿಮ’ ಇದೆ, ಗೊರೂರರ ‘ಅಮೆರಿಕದಲ್ಲಿ ಗೊರೂರು’ ಇದೆ. ಓದಿ ಪ್ರವಾಸ ಮಾಡಬೇಕಾದರೆ ಇವುಗಳನ್ನು ಓದಬಹುದಲ್ಲ? ನಾಲ್ಕು ಸಾಲಿನಲ್ಲಿ ಏನು ಸಿಗುತ್ತದೆ?

ಮೇಷ್ಟ್ರು: ಪುಸ್ತಕ ಬಿಟ್ಟು ಕಾರ್ಡು ಓದಿ ಅಂತ ನಾನು ಹೇಳುತ್ತಿಲ್ಲ. ದೇಶ ಸುತ್ತು, ಕೋಶ ಓದು ಅನ್ನುವಾಗ ನಮ್ಮ ಹಿರಿಯರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಆದರೆ ಗೊರೂರರ ಹೆಸರೆತ್ತಿದ್ದು ಒಳ್ಳೆಯದಾಯಿತು. ಅಮೆರಿಕದ ಮೇಲೆ ಅದಕ್ಕಿಂತ ಹೆಚ್ಚು ಮಾಹಿತಿ ಇರುವ ಪುಸ್ತಕಗಳು ಬೇಕಾದಷ್ಟಿವೆ. ಕನ್ನಡದವರು ಆ ಪುಸ್ತಕವನ್ನೇ ಯಾಕೆ ಹಚ್ಚಿಕೊಂಡರು, 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಯಾಕೆ ಬಂತು? ‘ಹಳ್ಳಿಯ ಚಿತ್ರಗಳು’ ಬರೆದ ಮನುಷ್ಯನ ಕಣ್ಣು ಓದುಗರಿಗೆ ಆಗಲೇ ಪರಿಚಯವಾಗಿತ್ತು. ಹೇಮಾವತಿ ದಂಡೆಯ ಊರಿನಿಂದ ಹೋದ ಈ ಮುದುಕರಿಗೆ ಅಲ್ಲಿ ಏನು ವಿಚಿತ್ರ ಕಂಡೀತು, ಏನು ಹಿಡಿಸೀತು ಅನ್ನುವ ಅಂದಾಜಿನೊಂದಿಗೇ ಜನ ಪುಸ್ತಕ ತೆರೆದರು. ಅಂದರೆ ಊರನ್ನು ತಿಳಿಯಬೇಕಾದರೆ ಅದನ್ನು ನೋಡಿದವರ ಅಳತೆಗೋಲು ನಮಗೆ ಗೊತ್ತಿರಬೇಕು. ಎಲ್ಲೋ ಒಂದು ಕಡೆ ವಿಪರೀತ ಚಳಿ ಅಂತ ಅಪರಿಚಿತರು ಬರೆದರೆ ಅದರಿಂದ ಏನೂ ತಿಳಿಯುವುದಿಲ್ಲ. ಡಿಸೆಂಬರಿನಲ್ಲೂ ಬನಿಯನ್ನಿನಲ್ಲಿ ಓಡಾಡುವ ಸ್ನೇಹಿತ ಅದೇ ಮಾತು ಬರೆದರೆ ಚಳಿ ಎಷ್ಟಿತ್ತು ಅಂತ ಗೊತ್ತಾಗುತ್ತದೆ. ದೊಡ್ಡ ಲೇಖಕರ ಬಗ್ಗೆ ಈ ಪರಿಚಯ ಹುಟ್ಟಬೇಕಾದರೆ ಹತ್ತು ಪುಸ್ತಕ ಓದಬೇಕು. ಸ್ನೇಹಿತರ ಬಗ್ಗೆ ಅದು ಆಗಲೇ ಇರುತ್ತದೆ. ಆದ್ದರಿಂದಲೇ ನಾಲ್ಕು ಸಾಲು ಸಾಕಾಗುತ್ತದೆ. ಇನ್ನೊಂದು ವ್ಯತ್ಯಾಸವನ್ನೂ ಗಮನಿಸು. ಪುಸ್ತಕ ಎಲ್ಲರಿಗಾಗಿ ಬರೆದದ್ದು, ಕಾರ್ಡು ಒಬ್ಬರಿಗಾಗಿ. ಹಿಪ್ಪುನೇರಳೆ ಬೆಳೆಯುವ ಗೆಳತಿಗೆ ಬರೆಯುವವಳು ಕಾಶ್ಮೀರದಲ್ಲೂ ಮೊದಲು ಹಿಪ್ಪುನೇರಳೆ ಮರವನ್ನೇ ನೋಡುತ್ತಾಳೆ, ಅಲ್ಲಿ ಅದನ್ನು ಗಿಡವಾಗಿ ಕತ್ತರಿಸದೆ ಮರವಾಗಿ ಬಿಡುತ್ತಾರೆ ಅಂತ ಬರೆಯುತ್ತಾಳೆ. ಪ್ರವಾಸಿ ಕೈಪಿಡಿ ಬರೆಯುವವರಿಗೆ ಆ ಮರ ಕಾಣಿಸುವುದೇ ಇಲ್ಲ.

ಗ್ರಂಥಪಾಲಕಿ: ನೋಡುವವರ ಕಣ್ಣು ಗೊತ್ತಿದ್ದರೆ ಸಾಕು ಅನ್ನುತ್ತೀರಿ. ಆ ಕಣ್ಣೇ ಸರಿಯಿಲ್ಲದಿದ್ದರೆ? ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಬೆಂಗಳೂರಿನ ದಂಡಿನಿಂದ ಇಂಗ್ಲೆಂಡಿಗೆ ಹೋಗುತ್ತಿದ್ದ ಕಾರ್ಡುಗಳನ್ನೇ ತೆಗೆದುಕೊಳ್ಳಿ. ಹಿಗ್ಗಿನ್‌ಬಾತಮ್ಸ್‌ನಂಥ ಪುಸ್ತಕದಂಗಡಿಯವರು, ವೀಲೆ ಅಂಡ್ ಕ್ಲೈನ್‌ನಂಥ ಸ್ಟುಡಿಯೊದವರು ಅವನ್ನು ಮಾರುತ್ತಿದ್ದರು. 2018ರಲ್ಲಿ ಲಂಡನ್ನಿನ ವಿಶ್ವವಿದ್ಯಾಲಯವಾದ ಸೋಯಾಸ್‌ನಲ್ಲಿ ಮದರಾಸು, ಬೆಂಗಳೂರುಗಳ ಇಂಥ ಕಾರ್ಡುಗಳ ಪ್ರದರ್ಶನವೇ ನಡೆಯಿತು. ಅವುಗಳಲ್ಲಿ ಅಗಲವಾದ ಬೀದಿ, ಚರ್ಚು, ಉದ್ಯಾನ, ಅರಮನೆ ಎಲ್ಲಾ ಹೆಸರು ಸಮೇತ ಇರುತ್ತವೆ. ಮನುಷ್ಯರು ಬಂದಾಗ ಅಗಸ, ಆಯಾ, ಅಡುಗೆಯವ ಅಷ್ಟೇ. ಕಟ್ಟಡಕ್ಕೆ ಹೆಸರಿದೆ, ಎದುರಿಗೆ ನಿಂತ ಮನುಷ್ಯನಿಗಿಲ್ಲ. ಅವನ್ನು ಕಳಿಸಿದ್ದೂ ಸ್ನೇಹಿತರೇ, ಬಂಧುಗಳೇ. ಲಂಡನ್ನಿನಲ್ಲಿ ಬೆಂಕಿಗೂಡಿನ ಮುಂದೆ ಕೂತು ಅವನ್ನು ನೋಡಿದವರು ಬೆಂಗಳೂರಿನ ಪ್ರವಾಸ ಮಾಡಿದೆವು ಅಂದುಕೊಂಡಿರಬೇಕು. ನಿಮ್ಮ ಲೆಕ್ಕದಲ್ಲಿ ಅದೂ ಪ್ರವಾಸವೇ?

ಮೇಷ್ಟ್ರು: ಇದು ನೀನು ಎತ್ತಿದ ಆಕ್ಷೇಪಗಳಲ್ಲೇ ಗಟ್ಟಿಯಾದದ್ದು. ಇದನ್ನು ಹಾರಿಸಿ ಮುಂದೆ ಹೋದರೆ ನನ್ನ ವಾದಕ್ಕೆ ಬೆಲೆಯಿಲ್ಲ. ಹೌದು, ಕೂತಲ್ಲಿಂದ ಮಾಡುವ ಪ್ರವಾಸ ತಪ್ಪು ದಾರಿ ಹಿಡಿಯಬಹುದು, ಹಿಡಿದಿದೆ. ಒಂದು ಸಾಮ್ರಾಜ್ಯ ತನ್ನ ಆಳಿಕೆಯ ಕೆಳಗಿದ್ದವರನ್ನು ಕಸುಬಿನ ಮಾದರಿಗಳಾಗಿ ವಿಂಗಡಿಸಿ ನೋಡುವ ಅಭ್ಯಾಸವನ್ನು ಮನೆಮನೆಗೆ ತಲುಪಿಸಿದ್ದರಲ್ಲಿ ಈ ಕಾರ್ಡುಗಳ ಪಾಲಿದೆ. ಆದರೆ ತಪ್ಪು ಎಲ್ಲಿ ಆಯಿತು ಅಂತ ಕೇಳಿಕೊಳ್ಳಬೇಕು. ಆ ಕಾರ್ಡುಗಳು ಒಂದೇ ದಿಕ್ಕಿಗೆ ಹೋದವು. ಚಿತ್ರದಲ್ಲಿದ್ದ ಅಗಸನಿಗೆ ತನ್ನ ಚಿತ್ರ ಹೋದ ಮನೆಯ ವಿಳಾಸ ಗೊತ್ತಿರಲಿಲ್ಲ. ನನ್ನ ಹೆಸರು ಇಂಥದ್ದು, ನಾನು ಇಂಥ ಕಡೆಯವನು ಅಂತ ಅವನು ತಿರುಗಿ ಒಂದು ಕಾರ್ಡು ಹಾಕುವ ದಾರಿಯೇ ಇರಲಿಲ್ಲ. ಉತ್ತರ ಬರುವ ಸಾಧ್ಯತೆ ಇಲ್ಲದ ಕಡೆ ನೋಟಕ್ಕೆ ಲಗಾಮಿರುವುದಿಲ್ಲ. ಸ್ನೇಹಿತರ ನಡುವಿನ ಕಾರ್ಡು ಬೇರೆಯಾಗುವುದು ಇಲ್ಲೇ. ನನ್ನ ಊರನ್ನು ಹೀಗಳೆದು ಬರೆದರೆ ನಾನು ಮರುಟಪಾಲಿನಲ್ಲಿ ಜಗಳವಾಡುತ್ತೇನೆ ಅಂತ ಬರೆಯುವವರಿಗೆ ಗೊತ್ತಿರುತ್ತದೆ. ಆ ಹಳೆಯ ಕಾರ್ಡುಗಳನ್ನೂ ಈಗ ನಾವು ಬೇರೆ ರೀತಿ ಓದುತ್ತಿದ್ದೇವೆ. ಮುಂಬದಿಯ ಬೀದಿಗಿಂತ ಹಿಂಬದಿಯ ಕೈಬರಹ ಹೆಚ್ಚು ಹೇಳುತ್ತದೆ: ಯಾರು ಬರೆದರು, ಯಾವುದನ್ನು ನೋಡಿ ಬೇಸರಪಟ್ಟರು, ಯಾವುದನ್ನು ಕಂಡೂ ಕಾಣಲಿಲ್ಲ. ನಿನ್ನ ಪ್ರಶ್ನೆಗೆ ನೇರ ಉತ್ತರ ಇದು: ಲಂಡನ್ನಿನವರು ಮಾಡಿದ್ದು ಅರೆಬರೆ ಪ್ರವಾಸ. ಅವರು ಹೊರಟರು, ತಲುಪಲಿಲ್ಲ.

ಗ್ರಂಥಪಾಲಕಿ: ಹಾಗಾದರೆ ಉತ್ತರ ಕೊಡುವುದಕ್ಕೆ ಫೋನಿಗಿಂತ ಒಳ್ಳೆಯ ಸಾಧನವಿಲ್ಲ. ಹಂಪಿಯಲ್ಲಿ ನಿಂತವರು ವಿಡಿಯೋ ಕಾಲ್ ಮಾಡಿದರೆ ಆ ಗಳಿಗೆಯಲ್ಲೇ ಆನೆಯ ಹಿಂದೆ ತೋರಿಸಿ, ಇನ್ನೂ ಹತ್ತಿರ ಹೋಗಿ ಅಂತ ಹೇಳಬಹುದು. ನಾಲ್ಕು ದಿನ ತಡವಾಗಿ ಬರುವ ಕಾರ್ಡಿಗೆ ಯಾಕೆ ಕಾಯಬೇಕು?

ಮೇಷ್ಟ್ರು: ಮಗಳು ಹೊರದೇಶದಲ್ಲಿರುವ ತಾಯಿಗೆ ವಿಡಿಯೋ ಕಾಲ್ ಎಷ್ಟು ದೊಡ್ಡ ಉಪಕಾರ ಅನ್ನುವುದು ಯಾರಿಗೆ ಗೊತ್ತಿಲ್ಲ? ಅದರ ಜಾಗವನ್ನು ಕಾರ್ಡು ತುಂಬಲಾರದು, ತುಂಬಬೇಕಾಗಿಯೂ ಇಲ್ಲ. ಆದರೆ ಫೋನಿನಲ್ಲಿ ಆರಿಸುವ ಕೆಲಸ ತಪ್ಪಿಹೋಗಿದೆ. ಒಂದು ದೇವಸ್ಥಾನಕ್ಕೆ ಹೋದವರು ಎಂಬತ್ತು ಫೋಟೋ ತೆಗೆದು ಎಂಬತ್ತನ್ನೂ ಗುಂಪಿಗೆ ಹಾಕುತ್ತಾರೆ. ಯಾವುದು ಮುಖ್ಯ ಅಂತ ಕಳಿಸಿದವರಿಗೂ ಗೊತ್ತಿಲ್ಲ, ನೋಡಿದವರಿಗೂ ಗೊತ್ತಾಗುವುದಿಲ್ಲ. ನಮ್ಮ ಅಂಚೆ ಕಾರ್ಡಿನ ಅಳತೆ 14 ಸೆಂಟಿಮೀಟರು ಉದ್ದ, 9 ಸೆಂಟಿಮೀಟರು ಅಗಲ. ಚಿತ್ರದ ಕಾರ್ಡಾದರೆ ಬರೆಯುವುದಕ್ಕೆ ಸಿಗುವುದು ಅದರ ಅರ್ಧ ಮೈ. 1902ರಲ್ಲಿ ಬ್ರಿಟನ್ನಿನ ಅಂಚೆಯವರು ಹಿಂಬದಿಯನ್ನು ಗೆರೆ ಎಳೆದು ಎರಡು ಮಾಡಲು ಒಪ್ಪುವ ತನಕ ಆ ಅರ್ಧವೂ ಇರಲಿಲ್ಲ. ಹಿಂಬದಿಯೆಲ್ಲ ವಿಳಾಸಕ್ಕೇ ಮೀಸಲು. ಅಷ್ಟು ಜಾಗದಲ್ಲಿ ಬರೆಯಬೇಕಾದವರು ಕಂಡದ್ದೆಲ್ಲವನ್ನೂ ಒಮ್ಮೆ ಜರಡಿ ಹಿಡಿಯಲೇಬೇಕು. ಜರಡಿಯ ಮೇಲೆ ಉಳಿದದ್ದು ನಮ್ಮ ಕೈಗೆ ಬರುತ್ತದೆ. ತಡವಾಗುವುದೂ ನಷ್ಟವಲ್ಲ. ತಲುಪುವ ಹೊತ್ತಿಗೆ ಹಳೆಯದಾಗುವ ಸುದ್ದಿಯನ್ನು ಯಾರೂ ಕಾರ್ಡಿನಲ್ಲಿ ಬರೆಯುವುದಿಲ್ಲ. ಬಸ್ಸು ತಡವಾಯಿತು, ಊಟ ಸಿಗಲಿಲ್ಲ ಅನ್ನುವುದು ಉದುರಿಹೋಗಿ, ವಾರ ಕಳೆದರೂ ಕೆಡದ ಮಾತು ಉಳಿಯುತ್ತದೆ.

ಇನ್ನೊಂದು ಸಂಗತಿ ಮೊಹರು. ಕಾರ್ಡಿನ ಮೂಲೆಯಲ್ಲಿ ಅಂಚೆ ಕಚೇರಿಯ ಹೆಸರು, ತಾರೀಖು ದುಂಡಗೆ ಬಿದ್ದಿರುತ್ತದೆ. ಬರೆದವರು ಒತ್ತಿದ್ದಲ್ಲ ಅದು, ಮೂರನೆಯವರು ಒತ್ತಿದ್ದು. ಈ ಕಾರ್ಡು ಇಂಥ ದಿನ ಇಂಥ ಕಚೇರಿ ದಾಟಿತು ಅನ್ನುವುದಕ್ಕೆ ಬೇರೆ ಪುರಾವೆ ಬೇಡ. ಎಲ್ಲಿಯದೋ ಪ್ರವಾಹದ ಚಿತ್ರವನ್ನು ಇನ್ನೆಲ್ಲಿಯದೋ ಅಂತ ಹೇಳಿ ಹಂಚುವ ಈ ಕಾಲದಲ್ಲಿ ಮಕ್ಕಳಿಗೆ ಇದನ್ನು ತೋರಿಸುವುದು ನನಗೆ ಬಹಳ ಮುಖ್ಯ ಅನಿಸುತ್ತದೆ. ಒಂದು ಚಿತ್ರ ಎಲ್ಲಿಂದ ಬಂತು, ಯಾವಾಗ ಬಂತು, ಯಾರ ಕೈ ದಾಟಿ ಬಂತು ಎಂದು ಕೇಳುವುದನ್ನು ಕಾರ್ಡು ತಾನಾಗಿಯೇ ಕಲಿಸುತ್ತದೆ.

ಗ್ರಂಥಪಾಲಕಿ: ಸರಿ, ಸಾಧನದ ಮಾತು ಬಿಡುತ್ತೇನೆ. ನನಗೆ ನಿಜವಾಗಿ ಕಸಿವಿಸಿಯಾಗುವುದು ಬೇರೆ ವಿಷಯಕ್ಕೆ. 2008ರ ಮೇ 24ರಿಂದ ಈ ತಾಲ್ಲೂಕಿನಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ಹಗಲು ರಾತ್ರಿ ತಲೆಯ ಮೇಲೆ ವಿಮಾನ. ಅದರೊಳಗೆ ಕೂತು ಲೋಕ ಸುತ್ತುವವರು ಬೇರೆ, ಕೆಳಗೆ ಹೊಲದಲ್ಲಿ ನಿಂತು ತಲೆಯೆತ್ತಿ ನೋಡುವವರು ಬೇರೆ. ಹೀಗಿರುವಾಗ ನಮ್ಮ ಮಕ್ಕಳಿಗೆ ಕೂತಲ್ಲೇ ಪ್ರವಾಸ ಮಾಡಿ ಅಂತ ಕಾರ್ಡು ಕೊಡುವುದು, ಹೋಗಲಾರದವರಿಗೆ ಹೇಳುವ ಸಮಾಧಾನದ ಮಾತಾಗುವುದಿಲ್ಲವೇ? ಹೋಗುವ ಅವಕಾಶವನ್ನೇ ಕೇಳಬೇಕಾದ ಕಡೆ ನಾವು ಚಿತ್ರ ಹಂಚಿದ ಹಾಗಾಗುವುದಿಲ್ಲವೇ?

ಮೇಷ್ಟ್ರು: ಅವಕಾಶ ಕೇಳಲೇಬೇಕು. ಶಾಲೆಯ ಪ್ರವಾಸಕ್ಕೆ ದುಡ್ಡು ಕೊಡಲಾಗದೆ ಉಳಿದುಹೋಗುವ ಒಂದು ಮಗುವಿಗೂ ಕಾರ್ಡು ಕೊಟ್ಟು ಸುಮ್ಮನಾಗಿಸಬಾರದು. ಆದರೆ ಊರಲ್ಲೇ ಇರುವವರೆಲ್ಲ ಹೋಗಲಾರದೆ ಉಳಿದವರು ಅಂತ ತಿಳಿಯುವುದೂ ತಪ್ಪು. ಒಂದು ರೇಷ್ಮೆ ಹುಳು ಮನೆಗೆ ಹೋಗಿ ನೋಡು. ಮರಿ ಬಂದ ದಿನದಿಂದ ಗೂಡು ಕಟ್ಟುವ ತನಕ ಸುಮಾರು 25 ದಿನ ಆ ಮನೆಯವರು ಹೊಸಿಲು ದಾಟುವ ಹಾಗಿಲ್ಲ. ಹುಳು ಪೊರೆ ಬಿಡುವ ನಾಲ್ಕು ಜ್ವರ ದಾಟಿಸಬೇಕು. ಹುಳು ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸಬೇಕು, ಎದ್ದ ಕೂಡಲೇ ಹಾಕಬೇಕು. ನಾಲ್ಕನೇ ಜ್ವರ ಎದ್ದ ಮೇಲಂತೂ ಎಷ್ಟು ಸೊಪ್ಪು ತಂದರೂ ಸಾಲದು, ಹುಳು ಮೇಯುವ ಸದ್ದು ಸಣ್ಣ ಮಳೆಯಂತೆ ಕೇಳುತ್ತಿರುತ್ತದೆ. ಹಣ್ಣಾದ ಹುಳುವನ್ನು ಆರಿಸಿ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ದಿನ ಮನೆಯಲ್ಲಿ ಮದುವೆಯಾದರೂ ಒಬ್ಬರು ಅಲ್ಲಿರಲೇಬೇಕು. ಹಸು ಕಟ್ಟಿದವರದ್ದೂ ಅದೇ ಕಥೆ, ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹೋಗಲೇಬೇಕು. ಇವರು ಊರು ಬಿಡದಿರುವುದು ಅಸಹಾಯಕತೆಯಿಂದಲ್ಲ, ಜೀವ ಇರುವ ಯಾವುದನ್ನೋ ನೋಡಿಕೊಳ್ಳುತ್ತಿರುವುದರಿಂದ. ಅಂಥವರಿಗೆ ಲೋಕದ ಸಂಗತಿ ಬೇಡವೇ? ಬೇಕು. ಅದನ್ನು ತಂದುಕೊಡುವ ಸ್ನೇಹಿತರಿದ್ದರೆ ಅದು ಸಮಾಧಾನದ ಮಾತಲ್ಲ, ಅವರ ಹಕ್ಕಿಗೆ ಸೇರಿದ್ದು.

ದೂರದ ಸುದ್ದಿ ಯಾರಿಗೆ ತಲುಪುತ್ತಿತ್ತು ಅನ್ನುವುದನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರು ಸಂಸ್ಥಾನದ ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿಹೋಯಿತು. ಶುರುವಿನಲ್ಲಿ ಆ ಅಂಚೆಯವರಿಗೆ ಕಾಗದ ಸಾಗಿಸುವುದರ ಜೊತೆಗೆ ಊರೂರಿನ ಸಮಾಚಾರವನ್ನು ಅರಮನೆಗೆ ಮುಟ್ಟಿಸುವ ಕೆಲಸವೂ ಇತ್ತು. ನಾಡಿನ ಮೂಲೆ ಮೂಲೆಯನ್ನು ಕೂತಲ್ಲಿಂದಲೇ ಕಾಣುವ ಸವಲತ್ತು ಆಳುವವರಿಗೆ ಇತ್ತು, ಊರಿನವರಿಗಿರಲಿಲ್ಲ. 1879ರ ಜುಲೈ 1ರಂದು ಬ್ರಿಟಿಷ್ ಭಾರತದ ಅಂಚೆ ಕಾಲಾಣೆಯ ಕಾರ್ಡು ತಂದ ಮೇಲೆ ಸುದ್ದಿ ಮೇಲಕ್ಕೆ ಮಾತ್ರ ಹೋಗುವ ಬದಲು ಅಡ್ಡಡ್ಡವಾಗಿಯೂ ಹರಿಯತೊಡಗಿತು, ಒಂದು ಹಳ್ಳಿಯಿಂದ ಇನ್ನೊಂದಕ್ಕೆ, ಕೂಲಿಗೆ ಹೋದವನಿಂದ ಮನೆಗೆ. ಈಗಲೂ ಸಾದಾ ಕಾರ್ಡಿನ ಬೆಲೆ ಐವತ್ತು ಪೈಸೆ. ಸರ್ಕಾರಕ್ಕೆ ಅದರಿಂದ ನಷ್ಟವೇ ಹೆಚ್ಚು. ಹಾಗಿದ್ದೂ ಆ ಬೆಲೆಯನ್ನು ಏರಿಸದೆ ಉಳಿಸಿರುವುದನ್ನು ನಾನು ದೊಡ್ಡ ಸಾರ್ವಜನಿಕ ಕೆಲಸಗಳ ಸಾಲಿನಲ್ಲಿ ಇಡುತ್ತೇನೆ.

ಗ್ರಂಥಪಾಲಕಿ: ಕಾಲಾಣೆಯ ಕಾರ್ಡಿನಲ್ಲಿ ನಮ್ಮ ಹಳ್ಳಿಗಳಿಗೆ ಬಂದದ್ದು ಪ್ರವಾಸದ ಮಾತೇ? ಮೂಲೆಗೆ ಅರಿಶಿನ ಹಚ್ಚಿದ ಕಾರ್ಡು ಬಂದರೆ ಶುಭ ಸಮಾಚಾರ. ಸಾವಿನ ಸುದ್ದಿಯಾದರೆ ಓದಿದ ತಕ್ಷಣ ಹರಿದುಹಾಕುತ್ತಿದ್ದರು, ಮನೆಯೊಳಗೆ ಇಡುತ್ತಿರಲಿಲ್ಲ. ಹೆರಿಗೆ, ಮದುವೆ, ಕಾಯಿಲೆ, ಸಾಲ. ಊರು ನೋಡಿ ಬಂದು ಚಿತ್ರ ಕಳಿಸುವುದು ಪೇಟೆಯವರ ಅಭ್ಯಾಸ.

ಮೇಷ್ಟ್ರು: ಒಪ್ಪಿದೆ. ಚಿತ್ರದ ಕಾರ್ಡು ನಮ್ಮ ಕಡೆ ಬಂದದ್ದು ಕಡಿಮೆ. ಆದರೆ ಅದನ್ನು ಓದುವ ಒಂದು ರೀತಿ ನಮ್ಮಲ್ಲಿ ಆಗಲೇ ಇತ್ತು. ಕಾರ್ಡಿಗೆ ಲಕೋಟೆಯಿಲ್ಲ. ಅಂಚೆಯಣ್ಣನೇ ಓದಿ ಹೇಳುತ್ತಿದ್ದ, ಜಗಲಿಯ ಮೇಲೆ ಕೂತವರೆಲ್ಲ ಕೇಳುತ್ತಿದ್ದರು, ಕೇಳಿ ಪ್ರಶ್ನೆ ಹಾಕುತ್ತಿದ್ದರು. ಇಂಗ್ಲೆಂಡಿನವರು ಬೆಂಕಿಗೂಡಿನ ಮುಂದೆ ಒಬ್ಬೊಬ್ಬರೇ ಕೂತು ಆಲ್ಬಮ್ ತಿರುವಿದರು ಅನ್ನೋಣ. ಇಲ್ಲಿ ಒಂದು ಕಾರ್ಡು ಹತ್ತು ಜನರದ್ದಾಗುತ್ತಿತ್ತು. ಗ್ರಂಥಾಲಯದಲ್ಲಿಡಿ ಅಂತ ನಾನು ಕೇಳುತ್ತಿರುವುದು ಅದಕ್ಕೇ. ಬರೆದವರ ಒಪ್ಪಿಗೆ ಕೇಳಿಯೇ ಇಡಬೇಕು, ಅದರಲ್ಲಿ ಎರಡು ಮಾತಿಲ್ಲ. ಗೋಡೆಗೆ ಅಂಟಿಸುವುದಂತೂ ಬೇಡ. ಅಂಟಿಸಿದರೆ ಹಿಂಬದಿ ಹೋಯಿತು, ಉಳಿಯುವುದು ಬರೀ ಕ್ಯಾಲೆಂಡರು. ದಾರ ಕಟ್ಟಿ ಕ್ಲಿಪ್ಪು ಹಾಕಿದರೆ ಮಕ್ಕಳು ತಿರುಗಿಸಿ ಓದಬಹುದು.

ಗ್ರಂಥಪಾಲಕಿ: ದಾರ, ಕ್ಲಿಪ್ಪಿಗೆ ಖರ್ಚೇನಿಲ್ಲ. ಆದರೆ ನಿಮ್ಮ ಮಾತಿನ ಪ್ರಕಾರ ಉತ್ತರ ಹೋಗದಿದ್ದರೆ ಪ್ರವಾಸ ಅರ್ಧಕ್ಕೆ ನಿಂತ ಹಾಗೆ. ನಾವು ಏನು ಕಳಿಸುವುದು? ಚನ್ನರಾಯಪಟ್ಟಣ ಅಂದರೆ ಜನ ಹಾಸನ ಜಿಲ್ಲೆಯದನ್ನೇ ತಿಳಿಯುತ್ತಾರೆ. ಪಿನ್ ಕೋಡ್ 562ರಿಂದ ಶುರುವಾಗುವ ಬದಲು 573 ಅಂತ ಬಿದ್ದರೆ ನಮ್ಮ ಕಾಗದ ಅಲ್ಲಿಗೇ ಹೋಗುತ್ತದೆ. ಆ ತಾಲ್ಲೂಕಿನಲ್ಲಿ ಶ್ರವಣಬೆಳಗೊಳವಿದೆ. ಗೊಮ್ಮಟನ ಚಿತ್ರದ ಕಾರ್ಡು ಲೋಕದ ಯಾವ ಮೂಲೆಗೂ ಹೋಗಿರಬಹುದು. ನಮ್ಮ ಊರಿನ ಚಿತ್ರವನ್ನು ಯಾರೂ ಕಾರ್ಡು ಮಾಡಿಲ್ಲ.

ಮೇಷ್ಟ್ರು: ಮಾಡಿಲ್ಲ, ಮಾಡುವವರಿಗೆ ನಮ್ಮಲ್ಲಿ ಕಂಡದ್ದು ಬೇರೆ. ಏರೋಸ್ಪೇಸ್ ಪಾರ್ಕಿಗೆ ಬೇಕು ಅಂತ ಈ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಗುರುತು ಮಾಡಿದಾಗ ಕಾಗದದ ಮೇಲೆ ಇದ್ದದ್ದು ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿ. ರಾಗಿ ಹೊಲ, ದ್ರಾಕ್ಷಿ ಚಪ್ಪರ, ಹೂವು, ತರಕಾರಿ, ಹುಳು ಮನೆ ಯಾವುದೂ ಅದರಲ್ಲಿ ಕಾಣುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಇದನ್ನು ವಿರೋಧಿಸಿ ಧರಣಿಗೆ ಕೂತವರು ಮೂರು ವರ್ಷ ದಾಟಿದರೂ ಏಳಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಸ್ವಾಧೀನ ಕೈಬಿಟ್ಟಿದ್ದೇವೆ ಅಂತ ಹೇಳಬೇಕಾಯಿತು. ಅಷ್ಟು ದಿನ ಜನ ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು: ಈ ನೆಲದ ಮೇಲೆ ಏನಿದೆ ಅಂತ ಬಂದು ನೋಡಿ. ಇದನ್ನು ನಾನು ಸುಮ್ಮನೆ ಎಳೆದು ತರುತ್ತಿಲ್ಲ. ಒಂದು ಊರನ್ನು ದೂರದಲ್ಲಿ ಕೂತು ಕಲ್ಪಿಸಿಕೊಳ್ಳುವವರು ಎರಡು ಬಗೆ. ನಕ್ಷೆ ಹರಡಿಕೊಂಡು ಖಾಲಿ ಜಾಗ ಹುಡುಕುವವರು ಒಂದು ಬಗೆ. ಅಲ್ಲಿಂದ ಬಂದ ನಾಲ್ಕು ಸಾಲನ್ನು ಓದಿ, ಅಲ್ಲಿ ಬದುಕುವವರು ಹೇಗಿರಬಹುದು ಎಂದು ಯೋಚಿಸುವವರು ಇನ್ನೊಂದು ಬಗೆ. ನಮ್ಮ ಊರನ್ನು ಎರಡನೆಯ ರೀತಿ ನೋಡುವವರು ಬೇಕಾದರೆ ನಾವೇ ಬರೆಯಬೇಕು. ಬರೆಯುವುದಕ್ಕೆ ನಾವು ಇಲ್ಲಿರಬೇಕು, ಈ ವಿಳಾಸ ಉಳಿಯಬೇಕು. ಹೋಗುವವರೆಲ್ಲ ಯಾರಿಗಾದರೂ ಕಾರ್ಡು ಹಾಕಬೇಕಾದರೂ ಒಂದು ಕಡೆ ನಿಂತವರು ಒಬ್ಬರು ಬೇಕಲ್ಲವೇ?

ಗ್ರಂಥಪಾಲಕಿ: ಅಚ್ಚಾದ ಚಿತ್ರವಿಲ್ಲದೆ?

ಮೇಷ್ಟ್ರು: ಐವತ್ತು ಪೈಸೆಯ ಕಾರ್ಡಿನಲ್ಲಿ ಒಂದು ಇಡೀ ಮೈ ಖಾಲಿಯಿದೆ, ಇನ್ನೊಂದರಲ್ಲಿ ಅರ್ಧ. ಮಕ್ಕಳಿಗೆ ಬಣ್ಣದ ಪೆನ್ಸಿಲು ಕೊಡು. ನಲ್ಲೂರಿನ ಹುಣಸೆ ತೋಪಿನಿಂದ ಶುರು ಮಾಡಲಿ. 54 ಎಕರೆಯ ಆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು ಅನ್ನುವುದು ನಮ್ಮ ತಾಲ್ಲೂಕಿನಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. ಅಲ್ಲಿ ಹೋಗಿ ಟೊಳ್ಳಾದ ಒಂದು ಬೊಡ್ಡೆಯ ಮುಂದೆ ಕೂತು ಚಿತ್ರ ಬರೆಯಬೇಕಾದರೆ, ಅದರೊಳಗೆ ಎಷ್ಟು ಮಕ್ಕಳು ನಿಲ್ಲಬಹುದು, ತೊಗಟೆ ಯಾವ ಕಡೆಗೆ ತಿರುಚಿಕೊಂಡಿದೆ, ಹಸಿರು ಚಿಗುರು ಎಲ್ಲಿಂದ ಒಡೆದಿದೆ ಅಂತ ನೋಡಲೇಬೇಕಾಗುತ್ತದೆ. ಬೇರೆಯವರಿಗೆ ಕಳಿಸುವುದಕ್ಕೆ ಅಂತ ನೋಡುವಾಗ ಹುಟ್ಟೂರೂ ಹೊಸದಾಗಿ ಕಾಣುತ್ತದೆ. ಇದು ನನ್ನ ವಾದದ ಇನ್ನೊಂದು ಅರ್ಧ. ಸ್ನೇಹಿತರ ಕಾರ್ಡುಗಳಿಂದ ಹಂಪಿಗೆ ಹೋದ ಮಗು, ಉತ್ತರ ಬರೆಯುವಾಗ ನಲ್ಲೂರಿಗೆ ಹೋಗುತ್ತದೆ. ಅಲ್ಲಿಗೆ ಹೋಗುವುದಕ್ಕೆ ವಿಮಾನವೂ ಬೇಡ, ಟಿಕೆಟ್ಟೂ ಬೇಡ.

ಗ್ರಂಥಪಾಲಕಿ: ಮೊದಲನೆಯದನ್ನು ಯಾರಿಗೆ ಕಳಿಸೋಣ? ಕಾಸರಗೋಡಿನ ಕನ್ನಡ ಶಾಲೆಯೊಂದಕ್ಕೆ ಕಳಿಸಿದರೆ ಹೇಗೆ? ಅಲ್ಲಿನ ಮಕ್ಕಳು ಕನ್ನಡದಲ್ಲೇ ಉತ್ತರ ಬರೆಯುತ್ತಾರೆ. ವಿಳಾಸ ಮಾತ್ರ ಕನ್ನಡದಲ್ಲಿ ಬರೆದರೆ ಕೇರಳದಲ್ಲಿ ಬಟವಾಡೆ ಮಾಡುವವರಿಗೆ ತೊಡಕಾಗಬಹುದು.

ಮೇಷ್ಟ್ರು: ವಿಳಾಸವನ್ನು ಇಂಗ್ಲಿಷಿನಲ್ಲೂ ಬರೆಯಿಸು, 671121 ಅನ್ನುವುದನ್ನು ದಪ್ಪಗೆ ಬರೆಯಲಿ. 1972ರ ಆಗಸ್ಟ್ 15ರಿಂದ ಬಂದಿರುವ ಪಿನ್ ಕೋಡ್ ಇರುವುದೇ ಇಂಥ ತೊಡಕು ಬಿಡಿಸುವುದಕ್ಕೆ. ಮೊದಲ ಅಂಕಿ 6 ಇದ್ದರೆ ಅದು ಕೇರಳ, ತಮಿಳುನಾಡಿನ ಕಡೆಗೆ ತಾನೇ ಹೊರಡುತ್ತದೆ. ಕಳಿಸಿದವರ ವಿಳಾಸದಲ್ಲಿ ದೇವನಹಳ್ಳಿ ತಾಲ್ಲೂಕು ಅನ್ನುವುದನ್ನು ಬಿಡಬಾರದು, ಬಿಟ್ಟರೆ ಉತ್ತರ ಹಾಸನ ಸುತ್ತಿಕೊಂಡು ಬರುತ್ತದೆ. ಒಳಗೆ ಏನು ಬರೆಯಬೇಕು ಅನ್ನುವುದನ್ನು ಮಕ್ಕಳಿಗೇ ಬಿಡು, ನಾವು ತಿದ್ದುವುದು ಬೇಡ. ತೋಪಿನ ಬಗ್ಗೆ ಬರೆಯಲಿ, ವಿಮಾನದ ಸದ್ದಿಗೆ ಮೇಷ್ಟ್ರು ಪಾಠ ನಿಲ್ಲಿಸಬೇಕಾಗುವುದನ್ನು ಬರೆಯಲಿ, ಮನೆಯವರು ಧರಣಿಗೆ ಹೋಗುತ್ತಿದ್ದುದನ್ನು ಬೇಕಾದರೆ ಬರೆಯಲಿ. ಒಂದು ಸಾಲಿನ ಜಾಗ ಮಾತ್ರ ಪ್ರಶ್ನೆಗೆ ಉಳಿಸಿಕೊಳ್ಳಬೇಕು. ನಾವು ಸಾರಿಗೆ ಹುಣಸೆ ಹಾಕುತ್ತೇವೆ, ನೀವು ಪುನರ್ಪುಳಿ ಹಾಕುತ್ತೀರಂತೆ, ಅದರ ಮರ ಎಷ್ಟು ಎತ್ತರ, ಹಣ್ಣು ಯಾವ ತಿಂಗಳು?